28 ಖಾನೆಯಲ್ಲಿ ಊಟ, ಪೋಷನ್, ಲೂಟ್ ಎಲ್ಲ ಹೇಗೆ ಹಿಡಿಸ್ತೀರಿ?

ತುಂಗಾತೀರ:
ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟ ಆಡುವವರು ಇಲ್ಲಿ ಕೆಲವರಾದರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಎರಡು ವಾರದಿಂದ ವೋರ್ಕಾತ್ ಅನ್ನೋ ಡ್ರ್ಯಾಗನ್ ಬಾಸ್ ಹೊಡೆಯುತ್ತಿದ್ದೇನೆ. ಹೊಡೆಯೋದು ಈಗ ಕೈಗೆ ಬಂದಿದೆ. ತೊಂದರೆ ಇರೋದೆಲ್ಲ ಜಾಗದ್ದೇ, ಚೀಲದಲ್ಲಿರೋದು 28 ಖಾನೆ ಅಷ್ಟೇ.

ನಾನು ಒಯ್ಯುವುದು ಇಷ್ಟು: ರೇಂಜಿಂಗ್ ಪೋಷನ್ (ದೂರದಿಂದ ಹೊಡೆಯೋ ಶಕ್ತಿಗೆ) 2, ಎಕ್ಸ್‌ಟೆಂಡೆಡ್ ಸೂಪರ್ ಆಂಟಿಫೈರ್ (ಡ್ರ್ಯಾಗನ್ ಬೆಂಕಿಗೆ) 2, ಆಂಟಿವೆನಮ್ (ವಿಷಕ್ಕೆ) 1, ಪ್ರೇಯರ್ ಪೋಷನ್ (ಪ್ರಾರ್ಥನೆಯ ಶಕ್ತಿ ತುಂಬೋಕೆ) 4, ರೂನ್ ಪೌಚ್ (ಮಂತ್ರಕ್ಕೆ ಬೇಕಾದ ರೂನ್ ಕಲ್ಲುಗಳ ಚೀಲ) 1, ಮನೆಗೆ ಟೆಲಿಪೋರ್ಟ್ ಆಗುವ ಹಲಗೆ 1. ಅಲ್ಲಿಗೆ 11 ಆಯ್ತು. ಉಳಿದ 17ರಲ್ಲಿ ಊಟಕ್ಕೆ ಶಾರ್ಕ್ ಮೀನು ತುಂಬುತ್ತೇನೆ. ಎರಡು ಸಲ ಕೊಂದರೆ ಶಾರ್ಕ್ ಹತ್ತಿರಹತ್ತಿರ ಖಾಲಿ. ಆದರೆ ಪೋಷನ್‌ಗಳು ಒಂದೂ ಪೂರ್ತಿ ಮುಗಿದಿರೋದಿಲ್ಲ, ಅರ್ಧರ್ಧ ಉಳಿದಿರುತ್ತವೆ. ವಾಪಸ್ ಬ್ಯಾಂಕಿಗೆ ಬರಬೇಕು.

ಬ್ಯಾಂಕಿನಲ್ಲಿ ಇನ್ನೊಂದು ಗೋಳು. ಪ್ರೇಯರ್ ಪೋಷನ್ ಒಂದು ಗುಟುಕಿಂದು ಒಂದು ಖಾನೆ, ಎರಡರದ್ದು ಒಂದು, ಮೂರರದ್ದು ಒಂದು, ನಾಲ್ಕರದ್ದು ಒಂದು. ಹೀಗೆ ಹದಿನೈದು ಬಗೆಯ ಪೋಷನ್ ಇವೆ. ಅಂದರೆ 60 ಖಾನೆ ಬರೀ ಸೀಸೆಗಳಿಗೇ ಹೋಗಿದೆ. ನೀವೆಲ್ಲ ಹೇಗೆ ನಿಭಾಯಿಸ್ತೀರಿ? ಬೇರೆ ಆಟದವರೂ ಹೇಳಬಹುದು.

ಕಾಫಿತೋಟ:
ಎರಡು ಆಂಟಿಫೈರ್ ಯಾಕೆ ಗುರು? ಒಂದು ಗುಟುಕು 6 ನಿಮಿಷ ಬರುತ್ತೆ. ಒಂದು ಸೀಸೆ ಅಂದ್ರೆ 24 ನಿಮಿಷ. ನೀನು ಎರಡು ಕಿಲ್‌ಗೇ ವಾಪಸ್ ಬರ್ತಿದ್ದೀಯ.

ತುಂಗಾತೀರ:
ಮುಗಿದುಹೋದರೆ ಅಂತ ಭಯ. ಒಂದು ಸಲ ಮುಗಿದು ಬೆಂಕಿಗೆ ಸಿಕ್ಕಿ ಸತ್ತಿದ್ದೆ.

ಬಯಲುಸೀಮೆ:
ಊಟದ ಬದಲು ಬ್ರೂ ತಗೊಂಡು ಹೋಗು, ಜೀವ ತುಂಬೋ ಪೋಷನ್ ಅದು. ಜಾಗದ ಪ್ರಶ್ನೆಯೇ ಮುಗಿಯಿತು. ಶಾರ್ಕ್ ಒಂದು ಖಾನೆಗೆ 20 ಜೀವ ಕೊಡುತ್ತೆ ಅಷ್ಟೇ. ಸಾರಡೋಮಿನ್ ಬ್ರೂ 99 ಹಿಟ್‌ಪಾಯಿಂಟ್ಸ್ ಇದ್ದವರಿಗೆ ಗುಟುಕಿಗೆ 16, ಸೀಸೆಗೆ 64. ಮೂರು ಪಟ್ಟಿಗೂ ಜಾಸ್ತಿ. ಇನ್ನು ಶಾರ್ಕ್ ಯಾಕೆ ಹೊರಬೇಕು?

ಸೀಬೆಹಣ್ಣು:
ಅಣ್ಣ, ಲೆಕ್ಕ ಅರ್ಧಕ್ಕೇ ನಿಲ್ಲಿಸಿದಿರಿ. ಬ್ರೂ ಕುಡಿದರೆ ರೇಂಜ್, ಅಟ್ಯಾಕ್, ಸ್ಟ್ರೆಂತ್, ಮ್ಯಾಜಿಕ್ ಎಲ್ಲ ಇಳಿಯುತ್ತೆ. ಮೂರು ಗುಟುಕು ಬ್ರೂಗೆ ಒಂದು ಗುಟುಕು ಸೂಪರ್ ರಿಸ್ಟೋರ್ ಬೇಕು. ಅಂದರೆ ಮೂರು ಸೀಸೆ ಬ್ರೂ ಜೊತೆ ಒಂದು ಸೀಸೆ ರಿಸ್ಟೋರ್. ನಾಲ್ಕು ಖಾನೆಗೆ 192, ಖಾನೆಗೆ 48. ಅದೂ 99 ಇದ್ದವರಿಗೆ. 80 ಇದ್ದರೆ ಗುಟುಕಿಗೆ 14 ಮಾತ್ರ.

ಬಯಲುಸೀಮೆ:
ಸರಿ, 48. ಆದರೂ 20ಕ್ಕಿಂತ ಜಾಸ್ತಿ ತಾನೇ?

ಸೀಬೆಹಣ್ಣು:
ಜಾಸ್ತಿಯೇ. ಆದರೆ ವೋರ್ಕಾತ್ ವಿಷಯದಲ್ಲಿ ನೋಡಬೇಕಾದ್ದು ಒಂದು ಖಾನೆಯಲ್ಲಿ ಎಷ್ಟು ಜೀವ ಹಿಡಿಸುತ್ತೆ ಅನ್ನೋದಲ್ಲ. ಆ ಖಾನೆ ಯಾವಾಗ ಖಾಲಿಯಾಗುತ್ತೆ ಅನ್ನೋದು.

ವೋರ್ಕಾತ್ ಸತ್ತಾಗೆಲ್ಲ ಎರಡು ಸುಪೀರಿಯರ್ ಡ್ರ್ಯಾಗನ್ ಮೂಳೆ, ಎರಡು ನೀಲಿ ಚರ್ಮ ಖಂಡಿತ ಬೀಳುತ್ತೆ. ಅವು ಒಂದರ ಮೇಲೊಂದು ಕೂರೋದಿಲ್ಲ. ಅಂದರೆ ಪ್ರತಿ ಕಿಲ್‌ಗೆ ನಾಲ್ಕು ಖಾನೆ ಖಾಲಿ ಬೇಕು. ಶಾರ್ಕ್ ತಿಂದ ತಕ್ಷಣ ಖಾನೆ ಬಿಟ್ಟುಕೊಡುತ್ತೆ. ಬ್ರೂ ಹಾಗಲ್ಲ, ನಾಲ್ಕನೇ ಗುಟುಕು ಮುಗಿಯೋವರೆಗೂ ಕೂತೇ ಇರುತ್ತೆ. ಮುಗಿದ ಮೇಲೂ ಖಾಲಿ ಸೀಸೆ ಉಳಿಯುತ್ತೆ. ಹಬ್ಬದ ಅಡುಗೆಮನೆಯಲ್ಲಿ ತಳದಲ್ಲಿ ಒಂದೊಂದು ಹಿಡಿ ಉಳಿದ ಹತ್ತು ಪಾತ್ರೆ ಕಟ್ಟೆ ತುಂಬಾ ನಿಂತಿರುತ್ತಲ್ಲ, ಹಾಗೆ. ಯಾವುದನ್ನೂ ತೊಳೆಯೋಕೆ ಹಾಕೋ ಹಾಗಿಲ್ಲ, ಹೊಸದು ಇಡೋಕೆ ಜಾಗವೂ ಇಲ್ಲ.

ಮೂಳೆ, ಚರ್ಮ ಬೀಳದ ಬಾಸ್ ಆದರೆ ಬ್ರೂನೇ ಒಯ್ಯಿ, ನಾನೂ ಒಯ್ಯುತ್ತೇನೆ. ಇಲ್ಲಿ ಬೇಡ.

ಕಾಫಿತೋಟ:
ಇದನ್ನ ನಾನು ಯೋಚನೆನೇ ಮಾಡಿರಲಿಲ್ಲ. ಸೂಪರ್ ಅಕ್ಕ.

ಖಾಲಿಸೀಸೆ:
ಖಾಲಿ ಸೀಸೆ ಉಳಿಯೋದಕ್ಕೆ ಮದ್ದು ಇದೆ. ಬಾರ್ಬೇರಿಯನ್ ಟ್ರೈನಿಂಗ್‌ನಲ್ಲಿ ಹರ್ಬ್‌ಲೋರ್ (ಪೋಷನ್ ಮಾಡೋ ವಿದ್ಯೆ) ಭಾಗ ಮುಗಿಸಿ, ಆಮೇಲೆ ಆಟ್ಟೋ ಹತ್ತಿರ ಮಾತಾಡಿ. ಕೊನೇ ಗುಟುಕು ಕುಡಿದ ಕೂಡಲೇ ಸೀಸೆ ತಾನೇ ಒಡೆದುಹೋಗುವ ಹಾಗೆ ಮಾಡಿಕೊಡುತ್ತಾನೆ. ನನಗೆ ಇದು ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು. ಅಲ್ಲಿವರೆಗೂ ಹೊಡೆದಾಟದ ಮಧ್ಯೆ ಸೀಸೆ ಕೆಳಗೆ ಹಾಕುತ್ತಾ ಕೂರುತ್ತಿದ್ದೆ.

ಹಳೇಸೈಬರ್:
ನೀವೆಲ್ಲ ಖಾನೆ ಲೆಕ್ಕ ಹೇಳ್ತಿದ್ದೀರಿ. ನಾವು ತೂಕದ ಲೆಕ್ಕದಲ್ಲಿ ಬೆಳೆದವರು.

2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಕೂತು ರಾಗ್ನರಾಕ್ ಆನ್‌ಲೈನ್ ಆಡುತ್ತಿದ್ದೆವು. ಆಗ ಅದಕ್ಕೆ ಭಾರತದ್ದೇ ಸರ್ವರ್ ಇತ್ತು. ಅಲ್ಲಿ ಪ್ರತಿ ವಸ್ತುವಿಗೂ ತೂಕ. ಹೊರೆ 50 ಪರ್ಸೆಂಟ್ ದಾಟಿದರೆ ಜೀವ ತಾನಾಗಿ ತುಂಬೋದು ನಿಂತುಹೋಗುತ್ತಿತ್ತು. 90 ದಾಟಿದರೆ ಹೊಡೆಯೋಕೇ ಆಗ್ತಿರಲಿಲ್ಲ. ಕೆಂಪು ಪೋಷನ್ ತೂಕ 7, ಕೊಡೋದು 45ರಿಂದ 65. ಬಿಳಿ ಪೋಷನ್ ತೂಕ 15, ಕೊಡೋದು 325ರಿಂದ 405. ತೂಕಕ್ಕೆ ಹಾಕಿ ನೋಡಿದರೆ ಬಿಳಿಯದೇ ಮೂರು ಪಟ್ಟು ಲಾಭ. ಆದರೆ ದುಡ್ಡು ಎಲ್ಲಿತ್ತು? ಕೆಂಪು ಹೊತ್ತುಕೊಂಡು 49 ಪರ್ಸೆಂಟ್‌ಗೆ ನಿಲ್ಲಿಸುತ್ತಿದ್ದೆವು.

ಗೆಳೆಯನೊಬ್ಬ ಮರ್ಚೆಂಟ್ ಆಗಿದ್ದ. ಅವನ ತಳ್ಳುಗಾಡಿಗೆ 8000 ತೂಕ ಹಿಡಿಯುತ್ತಿತ್ತು. ಪೋಷನ್ ಎಲ್ಲ ಅವನ ಗಾಡಿಯಲ್ಲಿ. ಗುಹೆಯ ಬಾಗಿಲಲ್ಲಿ ಅವನು ಕೂತಿರುತ್ತಿದ್ದ, ನಾವು ಒಳಗೆ ಹೋಗಿ ಹೊಡೆದು, ಬಂದು ಅವನ ಹತ್ತಿರ ತುಂಬಿಕೊಂಡು ಮತ್ತೆ ಹೋಗೋದು. ಗಂಟೆಗೆ ಇಷ್ಟು ಅಂತ ಕೆಫೆಗೆ ದುಡ್ಡು ಕೊಡುತ್ತಿದ್ದ ಕಾಲ. ಅವನು ಬರೀ ಕೂತಿರೋದಕ್ಕೆ ದುಡ್ಡು ಕೊಡಬೇಕಾಗುತ್ತಲ್ಲ ಅಂತ ಅವನ ಪಾಲಿನದನ್ನು ನಾವೇ ಹಾಕಿಕೊಳ್ಳುತ್ತಿದ್ದೆವು.

ಮಲ್ಲಿಗೆಮೊಗ್ಗು:
ತೂಕದ ಪದ್ಧತಿ ನನಗೆ ಹಿಡಿಸಲ್ಲ. ಮಂತ್ರ ಹಾಕೋ ಮೇಜ್ ಆದವಳಿಗೆ ಸ್ಟ್ರೆಂತ್ ಇರೋದಿಲ್ಲ, ಸ್ಟ್ರೆಂತ್ ಇಲ್ಲದಿದ್ದರೆ ಹೊರೋಕಾಗಲ್ಲ. ನೈಟ್ ಆದವನು ನನ್ನ ಎರಡರಷ್ಟು ಪೋಷನ್ ಹೊತ್ತುಕೊಂಡು ಹೋಗುತ್ತಿದ್ದ. ಬೇಗ ಸಾಯುವವಳು ನಾನು, ಔಷಧಿ ಜಾಸ್ತಿ ಅವನ ಹತ್ತಿರ!

ಹಳೇಸೈಬರ್:
ಅದಕ್ಕೇ ಅಲ್ವಾ ಗುಂಪಾಗಿ ಹೋಗುತ್ತಿದ್ದದ್ದು? ಒಬ್ಬರು ಹೊರೋದು, ಇನ್ನೊಬ್ಬರು ಹೊಡೆಯೋದು. 28 ಖಾನೆ ಎಲ್ಲರಿಗೂ ಒಂದೇ ಅಂದರೆ ಯಾರಿಗೂ ಯಾರೂ ಬೇಕಾಗಲ್ಲ.

ಮಲ್ಲಿಗೆಮೊಗ್ಗು:
ಗುಂಪು ಸಿಗದ ದಿನ ಏನು ಮಾಡಬೇಕಿತ್ತು ಹೇಳಿ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಆಡೋಕೆ ಸಿಗುತ್ತೆ ನನಗೆ. ಆಗ ಮರ್ಚೆಂಟ್‌ನ ಹುಡುಕಿಕೊಂಡು ಹೋಗಲಾ? ಖಾನೆ ಲೆಕ್ಕವೇ ನ್ಯಾಯ. ನನಗೆ ಎಷ್ಟು ಅಂತ ಗೊತ್ತಿರುತ್ತೆ, ಅದರೊಳಗೆ ಹೊಂದಿಸಿಕೊಳ್ತೀನಿ.

ಬಯಲುಸೀಮೆ:
ರೂನ್‌ಸ್ಕೇಪಲ್ಲೂ ಹೊರೋಕೆ ಯಾಕ್ ಇದೆಯಲ್ಲ? 30 ಖಾನೆ ಕೊಡುತ್ತೆ. ಅದನ್ನ ಕರೆಸಿಕೊಳ್ಳಿ.

ಸೀಬೆಹಣ್ಣು:
ಓಲ್ಡ್ ಸ್ಕೂಲ್‌ನಲ್ಲಿ ಇಲ್ಲ ಅಣ್ಣ. ಇದು ಆಗಸ್ಟ್ 2007ರ ಆಟದ ಮೇಲೆ ಕಟ್ಟಿದ್ದು. ಪ್ರಾಣಿಗಳನ್ನ ಕರೆಸಿಕೊಳ್ಳೋ ಸಮನಿಂಗ್ ವಿದ್ಯೆ ಬಂದಿದ್ದು ಜನವರಿ 2008ರಲ್ಲಿ. ಪ್ಯಾಕ್ ಯಾಕ್ ಆಗಲಿ, 18 ಖಾನೆಯ ಯುದ್ಧದ ಆಮೆ ಆಗಲಿ ಇಲ್ಲಿ ಸಿಗಲ್ಲ. ನೀವು ಇನ್ನೊಂದು ರೂನ್‌ಸ್ಕೇಪ್ ನೆನಪು ಮಾಡಿಕೊಳ್ತಿದ್ದೀರಿ.

ಬಯಲುಸೀಮೆ:
ಹೌದು ಹೌದು, ಸರಿ. ಆ ಯಾಕ್ ಮೇಲೆ ನನಗೆ ತುಂಬಾ ಪ್ರೀತಿ ಇತ್ತು.

ಗುಡ್ಡದಮೇಲೆ:
ವಾವ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್) ಕ್ಲಾಸಿಕ್ ಆಡಿ ಒಮ್ಮೆ, 28 ಖಾನೆ ಅರಮನೆ ಅನ್ನಿಸುತ್ತೆ. ಬೆನ್ನಚೀಲ 16 ಖಾನೆ. ಪೋಷನ್ ಒಂದರ ಮೇಲೊಂದು ಐದೇ ಕೂರೋದು. ನಾನು ವಾರ್ಲಾಕ್. ನಮ್ಮ ಮಂತ್ರಗಳಿಗೆ ಬೇಕಾದ ಸೋಲ್ ಶಾರ್ಡ್ ಒಂದಕ್ಕೆ ಒಂದು ಖಾನೆ. ರೇಡ್‌ಗೆ, ಅಂದರೆ ದೊಡ್ಡ ಗುಂಪಿನ ಕಾಳಗಕ್ಕೆ, ಹೋಗೋ ಮುಂಚೆ ಇಪ್ಪತ್ತು ಶಾರ್ಡ್ ಕೂಡಿಸಿಕೊಂಡರೆ ಪೋಷನ್‌ಗೆ ಜಾಗ ಇಲ್ಲ, ಪೋಷನ್ ಇಟ್ಟುಕೊಂಡರೆ ಶಾರ್ಡ್‌ಗೆ ಇಲ್ಲ. ಹಂಟರ್‌ಗಳಿಗೆ ಬಾಣದ ಬತ್ತಳಿಕೆಗೇ ಒಂದು ಚೀಲದ ಜಾಗ ಹೋಗುತ್ತಿತ್ತು.

ನೀಲಿಕುದುರೆ:
ಬಾಣ ಖರ್ಚಾಗೋದನ್ನ 2010ರಲ್ಲೇ ತೆಗೆದರು. ಡ್ರ್ಯಾಗನ್‌ಫ್ಲೈಟ್ ಬಂದಾಗ, 2022ರಲ್ಲಿ, ಕಚ್ಚಾ ಸಾಮಾನಿಗೆ ಅಂತಲೇ ಬೇರೆ ಚೀಲ ಕೊಟ್ಟರು. ಈಗಿನ ವಾವ್‌ನಲ್ಲಿ ಈ ಕಷ್ಟ ಇಲ್ಲ.

ಗುಡ್ಡದಮೇಲೆ:
ಕಷ್ಟ ಇಲ್ಲ, ಜೊತೆಗೆ ಆ ಮಜವೂ ಇಲ್ಲ. ರೇಡ್‌ಗೆ ಮುಂಚೆ ಚೀಲ ಹೊಂದಿಸಿಕೊಳ್ಳೋ ಆ ಅರ್ಧ ಗಂಟೆ ನನಗೆ ಇಷ್ಟ. ಊರಿಗೆ ಹೊರಡೋ ಹಿಂದಿನ ರಾತ್ರಿ ಸೂಟ್‌ಕೇಸ್ ತುಂಬಿದ ಹಾಗೆ ಇರುತ್ತೆ.

ನೀಲಿಕುದುರೆ:
ನನಗೆ ಆ ಅರ್ಧ ಗಂಟೆ ಬೇಡ. ಆಡೋಕೆ ಬಂದಿರ್ತೀನಿ, ಚೀಲ ತುಂಬೋಕಲ್ಲ. ಫೈನಲ್ ಫ್ಯಾಂಟಸಿ 14ರಲ್ಲಿ 140 ಖಾನೆ ಕೊಟ್ಟೂ ನನಗೆ ಸಾಲುತ್ತಿರಲಿಲ್ಲ, ಯಾಕಂದ್ರೆ ಒಂದೇ ವಸ್ತು ಹೈ ಕ್ವಾಲಿಟಿ ಆದರೆ ಬೇರೆ ಖಾನೆ, ಸಾಧಾರಣ ಆದರೆ ಬೇರೆ ಖಾನೆ. 2021ರಲ್ಲಿ ಎಂಡ್‌ವಾಕರ್ ಬಂದಾಗ ಕಾಡಿನಲ್ಲಿ ಕಿತ್ತು ತರೋ ಸಾಮಾನಿಗೆ ಆ ಭೇದ ತೆಗೆದರು. ಅವತ್ತು ನನ್ನ ಚೀಲ ನೋಡಬೇಕಿತ್ತು, ಅರ್ಧಕ್ಕರ್ಧ ಖಾಲಿ.

ತುಂಗಾತೀರ:
ಎಲ್ಲ ಚೆನ್ನಾಗಿದೆ, ಆದರೆ ನನ್ನ ವೋರ್ಕಾತ್?

ದೋಣಿಯವಳು:
ಬಂದೆ. ನಾನು ವೋರ್ಕಾತ್ ಸಾವಿರದ ಮೇಲೆ ಹೊಡೆದಿದ್ದೇನೆ, ನಿಧಾನವಾಗಿ ಹೇಳ್ತೀನಿ ಕೇಳು.

ಖರ್ಚಾಗೋ ಸಾಮಾನಿನಲ್ಲಿ ಎರಡು ಜಾತಿ. ಒಂದು ಗಡಿಯಾರದ ಪ್ರಕಾರ ಮುಗಿಯುವುದು: ಆಂಟಿಫೈರ್, ರೇಂಜಿಂಗ್. ನೀನು ಚೆನ್ನಾಗಿ ಆಡಿದರೂ ಕೆಟ್ಟದಾಗಿ ಆಡಿದರೂ ನಿಮಿಷಕ್ಕೆ ಇಷ್ಟು ಅಂತ ಹೋಗುತ್ತೆ. ಇನ್ನೊಂದು ಏಟಿನ ಪ್ರಕಾರ ಮುಗಿಯುವುದು: ಶಾರ್ಕ್, ಕರಾಂಬ್ವಾನ್ ಥರದ ಊಟ. ಗಡಿಯಾರದ ಸಾಮಾನು ಮೊದಲೇ ಎಣಿಸಬಹುದು. ಅದಕ್ಕೆ ಭಯಪಟ್ಟು ಜಾಸ್ತಿ ಇಡಬೇಕಿಲ್ಲ. ನಿನ್ನ ಟ್ರಿಪ್ 20 ನಿಮಿಷ ಅಂದ್ರೆ ಒಂದು ಆಂಟಿಫೈರ್ ಸಾಕು, ಒಂದು ರೇಂಜಿಂಗ್ ಸಾಕು. ಭಯಕ್ಕೆ ಇಡೋದಾದರೆ ಊಟ ಇಡು. ಏಟು ಎಷ್ಟು ಬೀಳುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ.

ಮುಗಿದು ಸತ್ತೆ ಅಂದೆಯಲ್ಲ, ಅದು ಸೀಸೆ ಕಡಿಮೆ ಇದ್ದದ್ದಕ್ಕಲ್ಲ. ಕುಡಿಯೋದು ಮರೆತದ್ದಕ್ಕೆ. ಎರಡನೇ ಸೀಸೆ ಇದ್ದಿದ್ದರೂ ಸಾಯುತ್ತಿದ್ದೆ.

ಇನ್ನು ಬ್ಯಾಂಕಿನ ಚಿಲ್ಲರೆ ಸೀಸೆಗಳು. ಅವನ್ನ ಬಿಸಾಕಬೇಡ. ವೋರ್ಕಾತ್ ಹತ್ತಿರ ಹೋಗೋ ರೆಲೆಕ್ಕಾದ ದೋಣಿ ಹತ್ತೋಕೆ ಹೊರಡೋ ಮುಂಚೆ ಬ್ಯಾಂಕ್ ಮುಂದೆ ನಿಂತೇ ಒಂದು ಗುಟುಕಿನ ಪ್ರೇಯರ್ ಸೀಸೆ ತೆಗೆದು ಕುಡಿ. ಪ್ರೇಯರ್ ತುಂಬಿಕೊಂಡೇ ಹೋಗ್ತೀಯ, ತುಂಬಿದ ಸೀಸೆಗಳು ಮುಟ್ಟದೆ ಉಳಿಯುತ್ತವೆ, ಬ್ಯಾಂಕಿನಲ್ಲಿ ಒಂದು ಚಿಲ್ಲರೆ ಕಡಿಮೆ. ನನ್ನ ಬ್ಯಾಂಕಿನಲ್ಲಿ ಒಂದು ಗುಟುಕಿನದು ಅಂತ ಒಂದೂ ಇಲ್ಲ ಈಗ.

ಖಾಲಿಸೀಸೆ:
ಜೊತೆಗೆ ವಾರಕ್ಕೊಂದು ಸಲ ಆಟದ ಮಾರುಕಟ್ಟೆ ಗ್ರ್ಯಾಂಡ್ ಎಕ್ಸ್‌ಚೇಂಜಲ್ಲಿ ಬಾಬ್ ಬಾರ್ಟರ್ ಹತ್ತಿರ ಹೋಗು. ಎಲ್ಲ ಚಿಲ್ಲರೆಯನ್ನೂ ನಾಲ್ಕು ಗುಟುಕಿನ ಸೀಸೆಗೆ ಸುರಿದು ಕೊಡ್ತಾನೆ. ಎರಡು ಗುಟುಕಿನ 14 ಕೊಟ್ಟರೆ ತುಂಬಿದ 7 ಬರುತ್ತೆ. ನಿನ್ನ 60 ಖಾನೆ 15ಕ್ಕೆ ಇಳಿಯುತ್ತೆ. ಇದಕ್ಕೆ ಒಂದು ನಿಮಿಷ ಸಾಕು.

ತುಂಗಾತೀರ:
ಆಂಟಿವೆನಮ್ ಬಿಡಬಹುದಾ?

ದೋಣಿಯವಳು:
ಸರ್ಪೆಂಟೈನ್ ಹೆಲ್ಮ್ (ಶಿರಸ್ತ್ರಾಣ) ಇದ್ದರೆ ಬಿಡಬಹುದು, ವಿಷ ಹತ್ತೋದೇ ಇಲ್ಲ. ಆದರೆ ತಲೆಯ ಜಾಗಕ್ಕೆ ಅದೇ ಬೇಕಾಗುತ್ತೆ, ರೇಂಜ್‌ಗೆ ಅದರಿಂದ ಏನೂ ಸಿಗಲ್ಲ. ಚೀಲದ ಒಂದು ಖಾನೆಗೆ ಮೈಮೇಲಿನ ಒಂದು ಜಾಗ ಕೊಟ್ಟ ಹಾಗೆ. ನಾನು ಆಂಟಿವೆನಮ್ಮೇ ಒಯ್ಯುತ್ತೇನೆ.

ಕಾಫಿತೋಟ:
ನಾನು ಹೆಲ್ಮ್ ಹಾಕ್ತೀನಿ. ವಿಷ ಹತ್ತಿದಾಗ ಗಾಬರಿಯಲ್ಲಿ ಕುಡಿಯೋ ಒಂದು ಕೆಲಸ ಕಡಿಮೆ. ಫೋನಲ್ಲಿ ಆಡೋರಿಗೆ ಅದು ದೊಡ್ಡ ವಿಷಯ.

ಮೆಟ್ರೋಸೀಟು:
ಫೋನ್ ಅಂದಿದ್ದಕ್ಕೆ ಹೇಳ್ತೀನಿ. ನಾನು ಪೂರ್ತಿ ಫೋನಲ್ಲೇ ಆಡೋದು, ಆಫೀಸಿಗೆ ಹೋಗ್ತಾ ಬರ್ತಾ. ನಮಗೆ ಎಷ್ಟು ಒಯ್ಯಬೇಕು ಅನ್ನೋದಕ್ಕಿಂತ ಎಲ್ಲಿ ಇಡಬೇಕು ಅನ್ನೋದೇ ಮುಖ್ಯ. ಚೀಲ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಏಳು. ಬಲಗೈ ಹೆಬ್ಬೆರಳು ಸುಲಭವಾಗಿ ತಲುಪೋದು ಕೆಳಗಿನ ಮೂರು ಸಾಲು, ಅದರಲ್ಲೂ ಬಲತುದಿ. ಊಟ ಅಲ್ಲಿ. ಪೋಷನ್ ಮೇಲೆ.

ನನ್ನ ಟೆಲಿಪೋರ್ಟ್ ಹಲಗೆ ಕರಾಂಬ್ವಾನ್ ಪಕ್ಕದಲ್ಲಿತ್ತು. ವೋರ್ಕಾತ್‌ಗೆ ಇನ್ನೇನು ಹತ್ತು ಪರ್ಸೆಂಟ್ ಜೀವ ಉಳಿದಿತ್ತು. ಶಾರ್ಕ್ ತಿಂದೆ, ಅದೇ ಗಳಿಗೆಯಲ್ಲಿ ಕರಾಂಬ್ವಾನ್ ತಿನ್ನೋಣ ಅಂತ ಬೆರಳಿಟ್ಟೆ. ರೈಲು ಬ್ರೇಕ್ ಹಾಕಿತು. ಬೆರಳು ಅರ್ಧ ಸೆಂಟಿಮೀಟರ್ ಸರಿಯಿತು. ಹಲಗೆ ಒಡೆದು ನೋಡ್ತೀನಿ, ಮನೆ ಅಂಗಳದಲ್ಲಿ ನಿಂತಿದ್ದೀನಿ. ಆ ಕಿಲ್ ಹೋಯ್ತು.

ತುಂಗಾತೀರ:
ಅಯ್ಯೋ! ಒಂದೇ ಗಳಿಗೆಯಲ್ಲಿ ಎರಡು ತಿನ್ನಬಹುದಾ?

ಮೆಟ್ರೋಸೀಟು:
ಶಾರ್ಕ್ ಮೊದಲು, ತಕ್ಷಣ ಕರಾಂಬ್ವಾನ್. 20 ಮತ್ತು 18, ಒಟ್ಟು 38 ಒಂದೇ ಸಲಕ್ಕೆ ಏರುತ್ತೆ. ಬರೀ ಶಾರ್ಕ್ ಆದರೆ ಒಂದಕ್ಕೂ ಇನ್ನೊಂದಕ್ಕೂ ಮೂರು ಟಿಕ್, ಅಂದರೆ 1.8 ಸೆಕೆಂಡ್ ಕಾಯಬೇಕು. ಎಲ್ಲ ಊಟವೂ ಶಾರ್ಕ್ ಆಗಬೇಕಿಲ್ಲ, ಐದಾರು ಕರಾಂಬ್ವಾನ್ ಸೇರಿಸು.

ಸಿಡ್ನಿಕನ್ನಡಿಗ:
ಪಿಂಗ್ (ಸರ್ವರ್‌ಗೆ ಹೋಗಿ ಬರೋ ಸಮಯ) ಎಷ್ಟು ಬರುತ್ತೆ ಬೆಂಗಳೂರಿಂದ? ನನಗೆ ಇಲ್ಲಿ ಆಸ್ಟ್ರೇಲಿಯಾದ ವರ್ಲ್ಡ್‌ಗಳಲ್ಲಿ (ಆಟದ ಸರ್ವರ್) ಚೆನ್ನಾಗಿದೆ. ಊರಿಗೆ ಬಂದಾಗ ಆಡೋಣ ಅಂದುಕೊಂಡಿದ್ದೇನೆ.

ಮೆಟ್ರೋಸೀಟು:
ಜರ್ಮನಿಯ ವರ್ಲ್ಡ್‌ನಲ್ಲಿ ನನಗೆ 150ರ ಆಸುಪಾಸು. ಒಂದು ಟಿಕ್ 600 ಮಿಲಿಸೆಕೆಂಡ್ ಇರೋದರಿಂದ ಆಡೋಕೆ ಏನೂ ತೊಂದರೆ ಇಲ್ಲ. ಬನ್ನಿ ಸರ್.

ಸೀಬೆಹಣ್ಣು:
ಆ ಟೆಲಿಪೋರ್ಟ್ ಹಲಗೆಯನ್ನೇ ತೆಗೆದುಬಿಡಬಹುದು, ಖಾನೆಯೂ ಉಳಿಯುತ್ತೆ. ರೂನ್ ಪೌಚ್‌ನಲ್ಲಿ ಮೂರು ಬಗೆ ರೂನ್ ಹಿಡಿಯುತ್ತೆ. ವೋರ್ಕಾತ್ ಬಿಡೋ ಮರಿಯನ್ನ ಕೊಲ್ಲೋಕೆ ಕ್ರಂಬಲ್ ಅಂಡೆಡ್ ಬೇಕು: ಗಾಳಿ, ಮಣ್ಣು, ಕೇಯಾಸ್. ಮನೆಗೆ ಹೋಗೋಕೆ ಗಾಳಿ, ಮಣ್ಣು, ಲಾ. ಒಟ್ಟು ನಾಲ್ಕು ಬಗೆ, ಪೌಚ್‌ಗೆ ಒಂದು ಜಾಸ್ತಿ ಆಗುತ್ತೆ ಅಂತ ಎಲ್ಲರೂ ಹಲಗೆ ಇಟ್ಟುಕೊಳ್ತಾರೆ. ಆದರೆ ಡಸ್ಟ್ ರೂನ್ ಒಂದೇ ಗಾಳಿಗೂ ಆಗುತ್ತೆ, ಮಣ್ಣಿಗೂ ಆಗುತ್ತೆ. ಡಸ್ಟ್, ಕೇಯಾಸ್, ಲಾ ಹಾಕು. ಮೂರೇ ಬಗೆಯಲ್ಲಿ ಎರಡೂ ಮಂತ್ರ ಮುಗೀತು.

ಮೆಟ್ರೋಸೀಟು:
ಇದು ನನಗೆ ಆ ದಿನ ಗೊತ್ತಿದ್ದಿದ್ದರೆ!

ದೋಣಿಯವಳು:
ನಾನು ಟಾಂಬ್ಸ್ ಆಫ್ ಅಮಾಸ್ಕಟ್ ರೇಡ್‌ಗೆ ಅಷ್ಟು ಸಲ ಹೋಗಿ ನಾಲ್ಕು ಬಗೆ ಹಿಡಿಯೋ ಡಿವೈನ್ ಪೌಚ್ ಮಾಡಿಕೊಂಡೆ, ಇದೇ ಕೆಲಸಕ್ಕೆ. ಡಸ್ಟ್ ರೂನ್ ತಲೆಗೇ ಬರಲಿಲ್ಲ. ಒಳ್ಳೇ ಮಾತು ಹೇಳಿದೆ ಸೀಬೆಹಣ್ಣು.

ಕೂಡಿಟ್ಟವ:
ನನ್ನದು ಬೇರೆ ಪ್ರಶ್ನೆ. ನನಗೆ ಒಳ್ಳೇ ಪೋಷನ್ ಕುಡಿಯೋಕೇ ಮನಸ್ಸು ಬರಲ್ಲ. ಮುಂದೆ ದೊಡ್ಡ ಬಾಸ್‌ಗೆ ಬೇಕಾಗುತ್ತೆ ಅಂತ ಇಟ್ಟುಕೊಂಡು ಬ್ಯಾಂಕ್ ತುಂಬಿದೆ. ಟ್ರೆಷರ್ ಟ್ರೇಲ್‌ನಲ್ಲಿ ಸಿಕ್ಕ ನೇರಳೆ ಮಿಠಾಯಿ ಕೂಡ ಒಂದೂ ಮುಟ್ಟಿಲ್ಲ.

ಖಾಲಿಸೀಸೆ:
ಮಿಠಾಯಿ ಇಟ್ಟುಕೋ, ಅದು ಒಂದರ ಮೇಲೊಂದು ಕೂರುತ್ತೆ, ಎಷ್ಟಿದ್ದರೂ ಒಂದೇ ಖಾನೆ. ಜೀವ ಒಂದರಿಂದ ಮೂರು ಕೊಡೋದು ಅಷ್ಟೇ, ಓಡೋ ಶಕ್ತಿಗೆ ಒಳ್ಳೇದು. ಪೋಷನ್ ಮಾತ್ರ ಕುಡಿ ಮಗಾ.

ಹಳೇಸೈಬರ್:
ನಮ್ಮ ಮರ್ಚೆಂಟ್ ಗೆಳೆಯ ಹೀಗೇ ಇದ್ದ. ಬಿಳಿ ಪೋಷನ್ ಗಾಡಿ ತುಂಬಾ ಇಟ್ಟಿದ್ದ, ಮುಂದಕ್ಕೆ ಬೇಕು ಅಂತ. ಆಮೇಲೆ ಆ ಸರ್ವರ್ರೇ ಮುಚ್ಚಿತು. ಕೊನೇ ದಿನ ಕೆಫೆಯಲ್ಲಿ ನಾವೆಲ್ಲ ಅವನ ಗಾಡಿ ಸುತ್ತ ನಿಂತಿದ್ದೆವು, ಎಲ್ಲರಿಗೂ ಹಂಚಿದ. ಕುಡಿಯೋಕೆ ಗಾಯವೇ ಇರಲಿಲ್ಲ ಯಾರಿಗೂ.

ಕೂಡಿಟ್ಟವ:
...ಇವತ್ತು ರಾತ್ರಿ ಕುಡೀತೀನಿ.

ಮಲ್ಲಿಗೆಮೊಗ್ಗು:
ಎಲ್ಲಾನೂ ಒಂದೇ ರಾತ್ರಿಗಲ್ಲ ಮತ್ತೆ. ಐರನ್‌ಮ್ಯಾನ್ ಆಡುವವರು ಕೂಡಿಡೋದರಲ್ಲಿ ಅರ್ಥ ಇದೆ, ಅವರಿಗೆ ಬೇರೆ ಆಟಗಾರರಿಂದ ಕೊಳ್ಳೋ ಹಾಗಿಲ್ಲ, ಗಿಡ ಬೆಳೆಸಿ ಅರೆದು ಮಾಡಿಕೊಳ್ಳಬೇಕು. ನಾನು ಐರನ್. ಒಂದು ಬ್ರೂ ನನಗೆ ಅರ್ಧ ಸಂಜೆಯ ಕೆಲಸ.

ಬಯಲುಸೀಮೆ:
ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಯಾಕೆ ಇಟ್ಟುಕೊಂಡಿರೋದು? ಕುಡಿಯೋಕೇ ತಾನೇ?

ಮಲ್ಲಿಗೆಮೊಗ್ಗು:
ಕುಡೀತೀನಿ, ಯಾವ ಬಾಸ್‌ಗೆ ಅಂತ ಬರೆದಿಟ್ಟುಕೊಂಡು ಕುಡೀತೀನಿ. ಹನ್ನೆರಡು ಬ್ರೂ ಆಗಿದೆ. ಇಪ್ಪತ್ತಾದ ದಿನ ಹೋಗೋದು. ಅದು ಕೂಡಿಡೋದಲ್ಲ, ತಯಾರಿ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಊಟ ಮಾಡಿಕೊಂಡು ಕೂತು ಒಂದು ಟ್ರಿಪ್ ಮುಗಿಸಿ ಬಂದೆ.

ಈ ಸಲ ಒಯ್ದದ್ದು: ರೇಂಜಿಂಗ್ 1, ಆಂಟಿಫೈರ್ 1, ಆಂಟಿವೆನಮ್ 1, ಪ್ರೇಯರ್ 3, ಪೌಚ್ 1. ಏಳೇ ಖಾನೆ. ಹಲಗೆ ಇಲ್ಲ, ಪೌಚ್‌ನಲ್ಲಿ ಡಸ್ಟ್ ರೂನ್. ಉಳಿದ 21ರಲ್ಲಿ 15 ಶಾರ್ಕ್, 6 ಕರಾಂಬ್ವಾನ್. ಹೊರಡೋ ಮುಂಚೆ ಬ್ಯಾಂಕ್ ಮುಂದೆ ನಿಂತು ಒಂದು ಗುಟುಕಿನ ಸೀಸೆ ಎರಡು ಕುಡಿದೆ.

ನಾಲ್ಕು ಕಿಲ್ ಆಯ್ತು. ಕೊನೇದು ಸತ್ತಾಗ ಎರಡು ಶಾರ್ಕ್ ಮಾತ್ರ ಉಳಿದಿತ್ತು. ಜೀವ ತುಂಬಿದ್ದರೂ ಅವನ್ನೂ ತಿಂದು ಜಾಗ ಮಾಡಿದೆ. ಮೂಳೆ ಎಂಟು, ಚರ್ಮ ಎಂಟು, ಮಿಕ್ಕ ಐದು ಖಾನೆಯಲ್ಲಿ ಬೇರೆ ಲೂಟ್. ಒಂದೂ ನೆಲದಲ್ಲಿ ಬಿಟ್ಟು ಬರಲಿಲ್ಲ. ಆಂಟಿಫೈರ್ ಸೀಸೆಯಲ್ಲಿ ಇನ್ನೂ ಒಂದು ಗುಟುಕು ಇದೆ.

ಕಾಫಿತೋಟ:
ಒಂದು ಗುಟುಕಿನದು ಮತ್ತೆ ಬ್ಯಾಂಕಿಗೆ ಹಾಕ್ಬೇಡ ಮಾರಾಯ. ನಾಳೆ ಹೊರಡೋ ಮುಂಚೆ ಕುಡಿ.

ದೋಣಿಯವಳು:
ಪ್ರೇಯರ್ 70 ಆಗಿದ್ದರೆ ಆ ಎಂಟು ಮೂಳೆ ಮಾರಬೇಡ. ಒಂದು ಹೂತರೆ 150 ಅನುಭವ ಬರುತ್ತೆ. ಪ್ರೇಯರ್ ಏರಿದ ಹಾಗೆ ಪ್ರೇಯರ್ ಪೋಷನ್‌ನ ಗುಟುಕಿಗೂ ಜಾಸ್ತಿ ತುಂಬುತ್ತೆ, ಮುಂದೆ ಮೂರು ಸೀಸೆ ಎರಡಕ್ಕೆ ಇಳಿಸಬಹುದು.

ತುಂಗಾತೀರ:
72 ಇದೆ. ಹೂಳ್ತೀನಿ ಹಾಗಾದರೆ.